ಕಿಟ್ಟಿ ಟರ್ಮಿನಲ್ ಜೊತೆ ಮೂರು ವರ್ಷ: ಒಂದು ಕೀಲಿ ಒತ್ತಿದರೆ ಲಿಂಕ್ ತೆರೆಯುವ ಸುಖ

ಮೂರು ವರ್ಷದ ಹಿಂದೆ ನನ್ನ ಹಳೇ ಲ್ಯಾಪ್‌ಟಾಪಿನ ಟ್ರ್ಯಾಕ್‌ಪ್ಯಾಡ್ ಕೈಕೊಟ್ಟಿತು. ಒತ್ತಿದರೆ ಒಮ್ಮೆ ಕೇಳುತ್ತಿತ್ತು, ಮೂರು ಸಲ ಕೇಳುತ್ತಿರಲಿಲ್ಲ. ರಿಪೇರಿಗೆ ಎಷ್ಟಾಗುತ್ತೆ ಅಂತ ಕೇಳಿ ಸುಮ್ನೆ ವಾಪಸ್ ಬಂದೆ. ದಿನವಿಡೀ ಟರ್ಮಿನಲ್ಲಿನಲ್ಲೇ (ಆದೇಶ ಟೈಪ್ ಮಾಡಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಕಿಟಕಿ) ಕೆಲಸ, ಕೀಬೋರ್ಡ್ ಒಂದಿದ್ದರೆ ಸಾಕು ಅಂದುಕೊಂಡು ಕಿಟ್ಟಿ ಹಾಕಿಕೊಂಡೆ. ದುಡ್ಡು ಕೊಡಬೇಕಿಲ್ಲ. ಇ-ಪುಸ್ತಕ ಓದುವವರಿಗೆ ಗೊತ್ತಿರುವ ಕ್ಯಾಲಿಬರ್ ಬರೆದ ಕೋವಿದ್ ಗೋಯಲ್ ಅವರದೇ ಇದೂ. ವೇಗ, ಫಾಂಟ್, ಬಣ್ಣದ ಬಗ್ಗೆ ಎಲ್ಲರೂ ಬರೆದಿದ್ದಾರೆ, ಅದು ಬಿಡಿ. ನನ್ನನ್ನು ಇದಕ್ಕೆ ಅಂಟಿಸಿದ್ದು ಹಿಂಟ್ಸ್ ಅನ್ನುವ ಒಂದೇ ಒಂದು ಸೌಲಭ್ಯ: ಪರದೆ ಮೇಲಿನ ಲಿಂಕ್, ಫೈಲಿನ ಹೆಸರುಗಳನ್ನು ಕೀಬೋರ್ಡಿನಿಂದಲೇ ಆರಿಸುವುದು.

ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಮೊದಲು ನನ್ನ ಕೋಡಿನ ಟೆಸ್ಟ್ ಓಡಿಸುತ್ತೇನೆ. ಒಂದೆರಡು ಬಿದ್ದೇ ಇರುತ್ತವೆ. ಯಾವ ಫೈಲು, ಎಷ್ಟನೇ ಸಾಲು ಅಂತ ಪರದೆ ಮೇಲೆ ಬರುತ್ತದಲ್ವಾ, ಮೊದಲೆಲ್ಲ ಅದನ್ನು ಕಣ್ಣಲ್ಲಿ ಹಿಡಿದಿಟ್ಟುಕೊಂಡು, ಎಡಿಟರ್ ತೆರೆದು, ಫೈಲು ಹುಡುಕಿ, ಸಾಲಿನ ಸಂಖ್ಯೆ ಮರೆತು, ಮತ್ತೆ ವಾಪಸ್ ಬಂದು ನೋಡಿ ಹೋಗುತ್ತಿದ್ದೆ. ಈಗ ಕಂಟ್ರೋಲ್, ಶಿಫ್ಟ್, ಪಿ ಮೂರನ್ನೂ ಒಟ್ಟಿಗೆ ಒತ್ತಿ ಬಿಡುತ್ತೇನೆ, ಆಮೇಲೆ ಎನ್. ಪರದೆಯ ಅಕ್ಷರಗಳೆಲ್ಲ ಮಂಕಾಗುತ್ತವೆ. ಫೈಲಿನ ಹೆಸರೂ ಸಾಲಿನ ಸಂಖ್ಯೆಯೂ ಜೊತೆಗಿರುವ ಕಡೆಗಳಲ್ಲಿ ಮಾತ್ರ 1, 2, 3 ಅಂತ ಗುರುತು ಏಳುತ್ತದೆ. ಎಣಿಕೆ ಶುರುವಾಗುವುದು ಕೆಳಗಿನಿಂದ, ಮೇಲೆ ಹೋದಂತೆ ಸಂಖ್ಯೆ ಜಾಸ್ತಿ. ಈಗ ತಾನೇ ಬಂದ ತಪ್ಪು ಯಾವಾಗಲೂ ಕೆಳಗಿರುವುದರಿಂದ ಮುಕ್ಕಾಲು ಪಾಲು ನಾನು ಒತ್ತುವುದು 1. ಒತ್ತಿದ ಕೂಡಲೇ ಹೊಸ ಟ್ಯಾಬಿನಲ್ಲಿ ನನ್ನ ಎಡಿಟರ್ ವಿಮ್ ತೆರೆದು, ಕರ್ಸರ್ ಸೀದಾ ಆ ತಪ್ಪಿನ ಸಾಲಿನ ಮೇಲೆ ನಿಂತಿರುತ್ತದೆ. ಹೊಸ ಟ್ಯಾಬಿನಲ್ಲೇ ತೆರೆಯಲಿ ಅಂತ ನಾನೇ ಒಂದು ಸಾಲು ಸೆಟ್ಟಿಂಗ್ ಬರೆದುಕೊಂಡಿದ್ದೇನೆ, ಟೆಸ್ಟಿನ ಫಲಿತಾಂಶ ಹಿಂದಿನ ಟ್ಯಾಬಿನಲ್ಲಿ ಹಾಗೇ ಉಳಿಯಲಿ ಅಂತ.

ಎನ್ ಬದಲು ಎಚ್ ಒತ್ತಿದರೆ, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಒಂದೊಂದು ಬದಲಾವಣೆಗೂ ಕೊಡುವ ಉದ್ದನೆಯ ಗುರುತಿನ ಸಂಖ್ಯೆಗಳಿಗೆ, ಅಂದರೆ ಹ್ಯಾಶ್‌ಗಳಿಗೆ ಗುರುತು ಬೀಳುತ್ತದೆ. ಗಿಟ್ ಶೋ ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಕೊಟ್ಟು, ಕೀಲಿ ಒತ್ತಿ ಸಂಖ್ಯೆ ಆರಿಸಿದರೆ ಹ್ಯಾಶ್ ತಾನಾಗಿ ಬಂದು ಕೂರುತ್ತದೆ. ವೆಬ್ ವಿಳಾಸಕ್ಕೆ ಕಂಟ್ರೋಲ್, ಶಿಫ್ಟ್, ಇ. ಈ ಮೂರು ಬೆರಳಿಗೆ ಬಂದ ಮೇಲೆ ಟ್ರ್ಯಾಕ್‌ಪ್ಯಾಡ್ ಕೆಟ್ಟಿದೆ ಅನ್ನುವುದೇ ಮರೆತುಹೋಯಿತು.

ಇನ್ನು ಕ್ಲಿಕ್ ಮಾಡುವ ಲಿಂಕ್. ವೆಬ್ ಪುಟದ ಹಾಗೆ ಕಾಣುವ ಪದ ಒಂದು, ಒಳಗಿರುವ ವಿಳಾಸ ಇನ್ನೊಂದು. ಟರ್ಮಿನಲ್ಲಿನಲ್ಲಿ ಇದಕ್ಕೆ ಓಎಸ್‌ಸಿ 8 ಅಂತಾರೆ. 2017ರಲ್ಲಿ ಬೇರೆ ಟರ್ಮಿನಲ್ ಆ್ಯಪ್‌ಗಳಾದ ಗ್ನೋಮ್ ಟರ್ಮಿನಲ್ಲಿಗೂ ಐಟರ್ಮ್‌ಗೂ ಬಂತು, ಅದೇ ವರ್ಷ ಫೈಲುಗಳ ಪಟ್ಟಿ ತೋರಿಸುವ ಆದೇಶವಾದ ಗ್ನೂ ಎಲ್‌ಎಸ್ ಕೂಡ ಫೈಲಿನ ಹೆಸರನ್ನೇ ಲಿಂಕ್ ಮಾಡಿ ತೋರಿಸುವುದನ್ನು ಕಲಿಯಿತು. ಕಿಟ್ಟಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಯಾವ ಥರದ ಫೈಲನ್ನು ಒತ್ತಿದರೆ ಏನಾಗಬೇಕು ಅಂತ ನಾವೇ ಬರೆದಿಡಬಹುದು. ಆಫೀಸಿನ ಮೇಜಿನ ಮೇಲೆ ಮೌಸ್ ಇರುವುದರಿಂದ ಅಲ್ಲಿ ಇದು ಉಪಯೋಗಕ್ಕೆ ಬರುತ್ತದೆ: ಚಿತ್ರದ ಹೆಸರು ಒತ್ತಿದರೆ ಟರ್ಮಿನಲ್ಲಿನ ಒಳಗೇ ಚಿತ್ರ ಕಾಣುತ್ತದೆ, ಬೇರೆ ಕಿಟಕಿ ತೆರೆಯುವುದೇ ಇಲ್ಲ.

ಇಷ್ಟೆಲ್ಲ ನನ್ನದೇ ಯಂತ್ರದಲ್ಲಿದ್ದಾಗ. ದೂರದ ಸರ್ವರ್‌ಗೆ ಹೋದಾಗ ಕಥೆ ಬೇರೆ. ಮೊದಲ ವಾರವೇ ಆಫೀಸಿನ ಹಳೇ ಸರ್ವರ್‌ಗೆ ಲಾಗಿನ್ ಆದರೆ, ಅದಕ್ಕೆ ಇಂಥ ಟರ್ಮಿನಲ್ ಇದೆ ಅಂತಲೇ ಗೊತ್ತಿಲ್ಲ. ಒಂದು ಅಕ್ಷರ ಅಳಿಸಲು ಹೋದರೆ ಖಾಲಿ ಜಾಗ ಮುಂದಕ್ಕೆ ಬೆಳೆಯಿತು. ತಪ್ಪು ಏನು ಅಂತ ತಿಳಿಯುವಷ್ಟರಲ್ಲಿ ಅರ್ಧ ದಿನ ಹೋಗಿತ್ತು, ಕಿಟ್ಟಿ ತೆಗೆದುಹಾಕಿಬಿಡೋಣ ಅನಿಸಿದ್ದು ಅವತ್ತೇ. ಅದರದೇ ಎಸ್‌ಎಸ್‌ಎಚ್ ಕಿಟನ್ (ದೂರದ ಯಂತ್ರಕ್ಕೆ ಲಾಗಿನ್ ಆಗಲು ಕಿಟ್ಟಿಯ ಜೊತೆಗೇ ಬರುವ ಪುಟ್ಟ ಪ್ರೋಗ್ರಾಮ್) ಮೂಲಕ ಹೋದರೆ ಬೇಕಾದ ವಿವರವನ್ನೆಲ್ಲ ತಾನೇ ಅಲ್ಲಿಗೆ ಒಯ್ಯುತ್ತದೆ, ತೊಂದರೆ ಇಲ್ಲ. ಆದರೆ ಇದು ಮೊದಲೇ ಗೊತ್ತಿರಬೇಕು. ಒಂದೇ ಟರ್ಮಿನಲ್ಲಿನಲ್ಲಿ ಹಲವು ಪರದೆ ಇಟ್ಟುಕೊಳ್ಳಲು ಟೀಮಕ್ಸ್ ಬಳಸುವವರಿಗೆ ಇನ್ನೊಂದು ಮಾತು: 3.4ಕ್ಕಿಂತ ಹಳೆಯ ಆವೃತ್ತಿಯಲ್ಲಿ ಓಎಸ್‌ಸಿ 8 ಲಿಂಕ್ ದಾಟಿ ಬರುವುದಿಲ್ಲ, ಪದ ಮಾತ್ರ ಉಳಿಯುತ್ತದೆ. ನಮ್ಮ ಸರ್ವರ್‌ನಲ್ಲಿ ಇರುವುದು ಹಳೆಯದೇ, ಹಾಗಾಗಿ ಅಲ್ಲಿ ನನಗೆ ಆ ಲಿಂಕ್‌ಗಳ ಸುಖ ಇಲ್ಲ. ಹಿಂಟ್ಸ್ ಪರದೆಯ ಮೇಲಿನ ಅಕ್ಷರ ನೋಡಿ ಕೆಲಸ ಮಾಡುವುದರಿಂದ ಹ್ಯಾಶ್ ಆರಿಸುವುದಕ್ಕೆ ಅಲ್ಲೂ ಅಡ್ಡಿಯಿಲ್ಲ.

ಕೀಲಿಗಳ ಬಗ್ಗೆ ಒಂದು ಸಂತೋಷ ತಡವಾಗಿ ಸಿಕ್ಕಿತು. ಹಳೇ ಕ್ರಮದಲ್ಲಿ ಟ್ಯಾಬ್ ಒತ್ತಿದರೂ ಕಂಟ್ರೋಲ್-ಐ ಒತ್ತಿದರೂ ಆ್ಯಪ್‌ಗೆ ತಲುಪುವುದು ಒಂದೇ ಬೈಟ್, 9. ಎಂಟರ್ ಮತ್ತು ಕಂಟ್ರೋಲ್-ಎಂ ಕೂಡ ಹಾಗೇ, ಎರಡೂ 13. ಎರಡಕ್ಕೆ ಬೇರೆ ಬೇರೆ ಕೆಲಸ ಕೊಡುವುದು ಸಾಧ್ಯವೇ ಇರಲಿಲ್ಲ, ಎಷ್ಟು ವರ್ಷ ಇದನ್ನು ನನ್ನ ಸೆಟ್ಟಿಂಗಿನ ತಪ್ಪು ಅಂದುಕೊಂಡಿದ್ದೆ! ಕಿಟ್ಟಿಯ ಹೊಸ ಕೀಬೋರ್ಡ್ ಪ್ರೋಟೊಕಾಲ್ ಇವನ್ನು ಬಿಡಿಸಿ ಕಳಿಸುತ್ತದೆ. ನಿಯೋವಿಮ್‌ಗೆ (ವಿಮ್‌ನ ಹೊಸ ರೂಪ) ಅದು ಅರ್ಥವಾಗುತ್ತದೆ. ಬೇರೆ ಕೆಲವು ಟರ್ಮಿನಲ್‌ಗಳೂ ಇದನ್ನೇ ಅಳವಡಿಸಿಕೊಂಡಿವೆ, ಅದು ಒಳ್ಳೆಯದಾಯಿತು.

ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಹೊಸ ಲ್ಯಾಪ್‌ಟಾಪಿಗೆ ದುಡ್ಡು ಹಾಕದ ನನ್ನಂಥವರಿಗೂ ಧಾರಾಳವಾಗಿ ಸಾಕಾಗುತ್ತದೆ. ದಿನಕ್ಕೆ ಹತ್ತು ನಿಮಿಷ ಮಾತ್ರ ಟರ್ಮಿನಲ್ ತೆರೆಯುವವರು ಇಷ್ಟು ಕೀಲಿ ನೆನಪಿಡುವುದು ಬೇಡ. ಹಾಕಿಕೊಳ್ಳುವವರು ಮೊದಲ ದಿನವೇ ಒಂದು ಕೆಲಸ ಮಾಡಿ. ಕಾಣುವ ಪದಕ್ಕೂ ಒಳಗಿನ ವಿಳಾಸಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ, ಯಾರದೋ ಲಾಗ್ ಫೈಲಿನಲ್ಲಿ ಏನು ಬೇಕಾದರೂ ಅಡಗಿರಬಹುದು. ಸೆಟ್ಟಿಂಗಿನಲ್ಲಿ ಹೈಪರ್‌ಲಿಂಕ್ ಅನುಮತಿ (allow_hyperlinks) ಅನ್ನುವ ಸಾಲಿದೆ, ಅದನ್ನು ಆಸ್ಕ್ (ask) ಅಂತ ಇಡಿ. ಕ್ಲಿಕ್ ಮಾಡಿದಾಗ ಒಮ್ಮೆ ಕೇಳಿ ಆಮೇಲೆ ತೆರೆಯುತ್ತದೆ.