ಮಿಶ್ರಣ ಬೇರ್ಪಡಿಸುವ ಕಿಟ್: ಸೋಸುಕಾಗದ ಚೆನ್ನ, ಕೈಪಿಡಿ ಸಾಲದು

ಮರಳು, ಉಪ್ಪು, ಕಬ್ಬಿಣದ ಪುಡಿ ಬೇರ್ಪಡಿಸುವ ಈ ಶಾಲಾ ಕಿಟ್‌ನಲ್ಲಿ ಆಯಸ್ಕಾಂತಕ್ಕೆ ಹೊದಿಕೆ ಕೊಟ್ಟಿಲ್ಲ. ತೆಳು ಪ್ಲಾಸ್ಟಿಕ್ ಸುತ್ತದೆ ಬಳಸಿದರೆ ಅಂಟಿದ ಪುಡಿ ಬಿಡಿಸುವುದೇ ದೊಡ್ಡ ಕೆಲಸ.

ಸೋಸುಕಾಗದ ಮಾತ್ರ ಚೆನ್ನಾಗಿದೆ, ಒದ್ದೆಯಾದರೂ ಹರಿಯುವುದಿಲ್ಲ. ಎರಡು ಸಲ ಮಡಚಿ, ಒಂದು ಕಡೆ ಮೂರು ಪದರ, ಇನ್ನೊಂದು ಕಡೆ ಒಂದು ಪದರ ಬರುವಂತೆ ಬಿಡಿಸಿ, ನೀರು ಚಿಮುಕಿಸಿ ಆಲಿಕೆಗೆ ಅಂಟಿಸಬೇಕು. ದ್ರವ ಕಾಗದದ ಅಂಚು ದಾಟಿದರೆ ಮರಳೂ ಕೆಳಗಿಳಿಯುತ್ತದೆ.

ಕೈಪಿಡಿ 10 ಗ್ರಾಂ ಉಪ್ಪಿಗೆ 100 ಮಿ.ಲೀ. ನೀರು ಹೇಳುತ್ತದೆ. 50 ಧಾರಾಳ ಸಾಕು: ಕೋಣೆಯ ಉಷ್ಣತೆಯಲ್ಲಿ ಅಷ್ಟರಲ್ಲಿ ಸುಮಾರು 18 ಗ್ರಾಂ ಕರಗುತ್ತದೆ, ಆವಿ ಮಾಡಬೇಕಾದ ನೀರೂ ಅರ್ಧವಾಗುತ್ತದೆ. ಪಿಂಗಾಣಿ ಬಟ್ಟಲಲ್ಲಿ ತುಸು ನೀರಿರುವಾಗಲೇ ಉರಿ ಆರಿಸಿ. ಇಲ್ಲವಾದರೆ ಬಿಸಿ ಉಪ್ಪು ಸಿಡಿಯುತ್ತದೆ. ಸುರಕ್ಷಾ ಕನ್ನಡಕ ಪೆಟ್ಟಿಗೆಯಲ್ಲಿಲ್ಲ, ಬೇರೆ ಕೊಳ್ಳಲೇಬೇಕು.