ಹಳೇ ಪಾಯಿಂಟ್ 22 ರೈಫಲಿಗೆ ಯಾವ ಸ್ಕೋಪ್ (ಗುರಿ ನೋಡುವ ದುರ್ಬೀನು)?

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿರುವುದು ಅಜ್ಜನ ಕಾಲದ ಮಾರ್ಟಿನಿ ರೈಫಲ್. ಲಿವರ್ ಕೆಳಗೆಳೆದು, ಮೇಲಿನಿಂದ ಒಂದೊಂದೇ ತೋಟಾ ಹಾಕಬೇಕು. ಹಂದಿಗಲ್ಲ ಮಾರಾಯ್ರೇ, ರೇಂಜಿನಲ್ಲಿ ಪೇಪರಿಗೆ ಹೊಡೆಯಲು. ಈಗ ಕಣ್ಣು ಮಂಜು. 4×32 ಫಿಕ್ಸೆಡ್ಡೋ, 3-9×40 ಜೂಮೋ? (× ಹಿಂದಿನ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಮುಂದಿನದ್ದು ಮುಂಬದಿ ಗಾಜಿನ ಅಗಲ, ಮಿ.ಮೀ.ನಲ್ಲಿ.)

ಜೂಮ್ ಮೇಲೆ ಎಲ್ಲರಿಗೂ ಆಸೆ. ಆದರೆ ಪೂರ್ತಿ 9 ಪಟ್ಟಿಗೆ ಏರಿಸಿದಾಗ ಏನಾಗುತ್ತದೆ, 40ನ್ನು 9ರಿಂದ ಭಾಗಿಸಿ ನೋಡಿ: ಕಣ್ಣಿಗೆ ಬರುವ ಬೆಳಕಿನ ಬೊಟ್ಟು 4.4 ಮಿ.ಮೀ. 4×32ರಲ್ಲಿ ಅದು 8. ಬೊಟ್ಟು ದೊಡ್ಡದಿದ್ದರೆ ನಮ್ಮ ಮಳೆಗಾಲದ ಮಬ್ಬಿನಲ್ಲಿ ತಲೆ ಸ್ವಲ್ಪ ಆಚೀಚೆಯಾದರೂ ಚಿತ್ರ ಮಾಯವಾಗುವುದಿಲ್ಲ. 50 ಗಜಕ್ಕೆ ಇಷ್ಟು ಸಾಕು ಅಲ್ವಾ? ಕೂತಲ್ಲಿಂದಲೇ ಪೇಪರಿನ ತೂತು ಎಣಿಸಬೇಕು ಅನ್ನುವವರಿಗೆ ಜೂಮ್ ಸರಿ. ಯಾವುದನ್ನು ಕೊಂಡರೂ ರಿಮ್‌ಫೈರ್ (ಪಾಯಿಂಟ್ 22ರಂಥ ಸಣ್ಣ ತೋಟಾದ) ರೈಫಲಿಗೆಂದೇ ಮಾಡಿದ ಸ್ಕೋಪ್ ಇರಲಿ. ಅದರ ಪ್ಯಾರಲಾಕ್ಸ್ (ಕಣ್ಣು ಆಚೀಚೆಯಾದರೆ ಗುರಿಯ ಗೆರೆ ಸರಿದಂತೆ ಕಾಣುವುದು) ತಪ್ಪುವಂತೆ ಸಾಮಾನ್ಯವಾಗಿ 50 ಗಜಕ್ಕೆ ಹೊಂದಿಸಿರುತ್ತಾರೆ, ದೊಡ್ಡ ರೈಫಲಿನದ್ದು 100ಕ್ಕೆ.

ನಿಜವಾದ ತಲೆನೋವು ಸ್ಕೋಪನ್ನು ಬಂದೂಕಿನ ಮೇಲೆ ಕೂರಿಸುವುದು. ಮೇಲೆ 11 ಮಿ.ಮೀ. ಗ್ರೂವ್ (ಗಾಡಿ) ಇದ್ದರೆ ಸ್ಕೋಪ್ ಹಿಡಿಯುವ ರಿಂಗ್ ಬಿಗಿದರೆ ಮುಗಿಯಿತು. ಇಲ್ಲದಿದ್ದರೆ ತೂತು ಕೊರೆಯಬೇಕು. ಕೊರೆದರೆ ಹಳೇ ಬಂದೂಕಿನ ಬೆಲೆ ಇಳಿಯುತ್ತದೆ. 1959ರ ಆಯುಧ ಕಾಯ್ದೆ ಪ್ರಕಾರ ಆ ಕೆಲಸಕ್ಕೂ ಲೈಸೆನ್ಸ್ ಇರುವವರೇ ಬೇಕು, ಊರಿನ ವೆಲ್ಡಿಂಗ್ ಅಂಗಡಿಯಲ್ಲ.

ಪುಣ್ಯಕ್ಕೆ ನನ್ನದರಲ್ಲಿ ಗ್ರೂವ್ ಇತ್ತು. ಮೊದಲು ಗಿಡ್ಡ ರಿಂಗ್ ಹಾಕಿದೆ. ಬೆರಳು ಸ್ಕೋಪಿನಡಿ ಸಿಕ್ಕಿಕೊಂಡು ತೋಟಾ ನೆಲಕ್ಕೆ ಬಿತ್ತು. ಎತ್ತರದ್ದು ಹಾಕಿದೆ, ಕೆನ್ನೆ ಬಂದೂಕಿನ ಹಿಂಬದಿಯ ಮರಕ್ಕೆ ತಾಗುತ್ತಿರಲಿಲ್ಲ. ಆ ಮರಕ್ಕೆ ಚರ್ಮದ ಪಟ್ಟಿ ಸುತ್ತಿದ ಮೇಲೆ ಸರಿಹೋಯ್ತು. 4×32 ಇನ್ನೂ ಅದರ ಮೇಲೇ ಇದೆ.