ಬ್ರೇಕ್ ಕೆಲಸಕ್ಕೆ ಹೋದ ಗ್ಯಾರೇಜ್: ಒಂದು ವಿಮರ್ಶೆ

ಬ್ರೇಕ್ ಒತ್ತಿದಾಗಲೆಲ್ಲ ಕಾರು ಎಡಕ್ಕೆ ಎಳೆಯುತ್ತಿದ್ದುದರಿಂದ ಈ ಗ್ಯಾರೇಜಿಗೆ ಹೋಗಿದ್ದೆ. ಮೊದಲು ಬೇರೊಂದು ಕಡೆ ಪ್ಯಾಡ್‌ಗಳನ್ನಷ್ಟೇ ಬದಲಿಸಿ ಕಳುಹಿಸಿದ್ದರು. ಇಲ್ಲಿನ ಮೆಕ್ಯಾನಿಕ್ ಚಕ್ರ ಬಿಚ್ಚಿ, ಚಕ್ರದ ಡಿಸ್ಕಿಗೆ ಪ್ಯಾಡ್ ಒತ್ತುವ ಬಲಗಡೆಯ ಕ್ಯಾಲಿಪರ್‌ನ ಪಿಸ್ಟನ್ ತುಕ್ಕು ಹಿಡಿದು ಬಿಗಿದುಕೊಂಡಿರುವುದನ್ನೂ, ಅದರಿಂದಾಗಿ ಆ ಬದಿಯ ಪ್ಯಾಡ್ ಡಿಸ್ಕಿಗೆ ಸರಿಯಾಗಿ ಒತ್ತದೆ ಎಡಗಡೆಯ ಬ್ರೇಕ್ ಮಾತ್ರ ಬಲವಾಗಿ ಹಿಡಿಯುತ್ತಿರುವುದನ್ನೂ ಕಣ್ಣೆದುರೇ ತೋರಿಸಿದರು. ರೋಗದ ಮೂಲ ಹುಡುಕುವ ಈ ತಾಳ್ಮೆ ನನಗೆ ಬಹಳ ಹಿಡಿಸಿತು.

ಪಿಸ್ಟನ್ನನ್ನೂ ಸೀಲನ್ನೂ ಬದಲಿಸಿ, ಹಳೆಯ ಬ್ರೇಕ್ ಆಯಿಲ್ ಪೂರ್ತಿ ಹೊರತೆಗೆದು ಡಾಟ್ 4 ದರ್ಜೆಯದನ್ನು ತುಂಬಿದರು. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಕುದಿಬಿಂದುವಿನ ಮಿತಿ, ಶೇ 3.7ರಷ್ಟು ನೀರು ಸೇರಿದಾಗ 155 ಡಿಗ್ರಿ ಮಾತ್ರ. ಉದ್ದನೆಯ ಇಳಿಜಾರಿನಲ್ಲಿ ಹಳೆಯ ದ್ರವ ಕುದಿದು ಪೆಡಲ್ ಮೆತ್ತಗಾಗುವುದು ಹೀಗೆಯೇ.

ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಕುರಿತ ಸಲಹೆಯೂ ಸರಿಯಾಗಿತ್ತು: ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಅದರ ಶಾಫ್ಟನ್ನು ಕಾಪಾಡುವುದು ಎಂಜಿನ್ ಓಡುವಾಗಷ್ಟೇ ಹರಿಯುವ ಎಂಜಿನ್ ಆಯಿಲ್ ಆದ್ದರಿಂದ, ಕಡಿದಾದ ಏರು ಹತ್ತಿ ಬಂದ ಕೂಡಲೇ ಎಂಜಿನ್ ಆರಿಸದೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಬೇಕೆಂದರು.

ಬದಲಿಸಿದ ಭಾಗಗಳ ವಿವರವನ್ನು ಬಿಲ್ಲಿನಲ್ಲಿ ಕೇಳಿ ಬರೆಸಿಕೊಳ್ಳಬೇಕಾಯಿತು, ಅದೊಂದೇ ಕೊರತೆ.